ಕೊನೆಯ ಮೂರು ಸೆಕೆಂಡಿನ ಸಂಗೀತ

(ಟಿವಿ ಧಾರಾವಾಹಿಯ ಕಟ್ಟಕಡೆಗೆ ಕಂಪನಿಯ ಲೋಗೊ ಜೊತೆ ಬರುವ ಪುಟ್ಟ ಸಂಗೀತದ ಬಗ್ಗೆ, ಧಾರವಾಡದಲ್ಲಿ ಸಂಗೀತ ಕೇಳುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅಲ್ಲಿ ಪೇಟಿಯ, ಅಂದರೆ ಹಾರ್ಮೋನಿಯಂನ, ಮೇಲೆ ನುಡಿಸಿದ್ದನ್ನು ಇಲ್ಲಿ ಸ್ವರಗಳ ಹೆಸರು ಹೇಳಿ ದಾಟಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಪೇಟಿಯ ಮೇಲೆ ಮೂರು ಸ್ವರ ನುಡಿಸುತ್ತೇನೆ, ಮಾತು ಆಮೇಲೆ. ಮಂದ್ರದ ಪ, ಮಧ್ಯದ ಗ, ಮಧ್ಯದ ಸ. ಆಯ್ತು, ಇಷ್ಟೇ. ಧಾರವಾಡದವರ ಮುಂದೆ ಮೂರು ಸ್ವರ ನುಡಿಸಿದರೆ ನಾಲ್ಕನೆಯದು ಯಾವಾಗ ಬರುತ್ತದೆ ಅಂತ ಕಾಯುತ್ತಾರೆ, ಗೊತ್ತು. ಆ ನಾಲ್ಕನೆಯ ಸ್ವರಕ್ಕೂ ಒಂದು ಕಥೆ ಇದೆ. ಸ್ವಲ್ಪ ತಾಳಿ.

ಇದು ಅಮೆರಿಕದ ಎನ್‌ಬಿಸಿ ರೇಡಿಯೊದ ಗುರುತು. 1930ರ ದಶಕದಲ್ಲಿ ಅಲ್ಲಿ ಕಾರ್ಯಕ್ರಮ ಮುಗಿಯುತ್ತಿದ್ದಂತೆ ಈ ಮೂರು ಸ್ವರ ಕೇಳಿಸುತ್ತಿದ್ದವು. ಮೊದಲಿಗೆ ಇದು ಕೇಳುಗರಿಗಾಗಿ ಮಾಡಿದ್ದೇ ಅಲ್ಲ. ದೇಶದ ತುಂಬ ಇದ್ದ ಸ್ಥಳೀಯ ಕೇಂದ್ರಗಳ ಎಂಜಿನಿಯರುಗಳಿಗೆ ಕೊಡುತ್ತಿದ್ದ ಸೂಚನೆ. ನಮ್ಮದು ಮುಗೀತು, ಈಗ ನಿಮ್ಮ ಕೇಂದ್ರದ ಹೆಸರು ಹೇಳಿಕೊಳ್ಳಿ, ನಿಮ್ಮೂರಿನ ಜಾಹೀರಾತು ಹಾಕಿಕೊಳ್ಳಿ ಅಂತ. ಶುರುವಿನಲ್ಲಿ ಕೈಯಲ್ಲಿ ಹಿಡಿದು ಬಾರಿಸುವ ಪುಟ್ಟ ಪಟ್ಟಿಗಳಿದ್ದವು. ಆಮೇಲೆ ರಿಚರ್ಡ್ ರೇಂಜರ್ ಅನ್ನುವವರು ಇದಕ್ಕಾಗಿಯೇ ಒಂದು ಯಂತ್ರ ಮಾಡಿಕೊಟ್ಟರು. ಎಂಜಿನಿಯರಿಗೆ ಅಂತ ಬಾರಿಸಿದ್ದು ಜನರ ಕಿವಿಗೂ ಹತ್ತಿತು. 1950ರಲ್ಲಿ ಅದು ಅಮೆರಿಕದಲ್ಲಿ ನೋಂದಣಿಯಾದ ಮೊದಲ ಧ್ವನಿಗುರುತು ಆಯಿತು. ಮೂರು ಸ್ವರಕ್ಕೆ ಕಾನೂನಿನ ಮಾಲೀಕತ್ವ!

ಈಗ ನಾಲ್ಕನೆಯ ಸ್ವರ. ತೀರಾ ದೊಡ್ಡ ಸುದ್ದಿ ಬಂದಾಗ, ಯುದ್ಧದಂಥದ್ದು, ಈ ಮೂರರ ಕೊನೆಗೆ ಇನ್ನೊಂದು ಪೆಟ್ಟು ಸೇರಿಸುತ್ತಿದ್ದರು. ಸಂಸ್ಥೆಯ ಮುಖ್ಯ ಸಿಬ್ಬಂದಿ ಮನೆಯಲ್ಲಿರಲಿ, ಹೋಟೆಲಿನಲ್ಲಿರಲಿ, ನಾಲ್ಕು ಪೆಟ್ಟು ಕೇಳಿಸಿದರೆ ತಕ್ಷಣ ಕಚೇರಿಗೆ ಫೋನ್ ಮಾಡಬೇಕು. ಮೊಬೈಲು, ಪೇಜರು ಏನೂ ಇಲ್ಲದ ಕಾಲ. ದೇಶಕ್ಕೆಲ್ಲ ಕೇಳುವಂತೆ ಬಾರಿಸಿದರೂ ಗೊತ್ತಾಗಬೇಕಾದವರಿಗೆ ಮಾತ್ರ ಗೊತ್ತಾಗುತ್ತಿತ್ತು.

ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಆ ಒಂದು ಸ್ವರದಲ್ಲಿ ಏನೂ ಇಲ್ಲ. ಮೂರು ಸ್ವರ ವರ್ಷಗಟ್ಟಲೆ ಒಂದೇ ಥರ ಬಾರಿಸಿ ಕಿವಿಯಲ್ಲಿ ಕೂರಿಸಿದ್ದರಿಂದಲೇ ನಾಲ್ಕನೆಯದಕ್ಕೆ ಅಷ್ಟು ಶಕ್ತಿ ಬಂತು.

ನಾನು ಹುಬ್ಬಳ್ಳಿಯಲ್ಲಿ ಆಡಿಯೊ ಎಡಿಟಿಂಗ್ ಮಾಡುವವನು. ಮದುವೆ ವಿಡಿಯೊ, ಸೀರೆ ಅಂಗಡಿಯ ಜಾಹೀರಾತು, ಚುನಾವಣೆ ಬಂದರೆ ಆಟೊದ ಮೇಲಿನ ಪ್ರಚಾರ. ಹಾಗಾಗಿ ಮೂರು ಸೆಕೆಂಡಿನ ಸಂಗೀತ ಅಂದರೆ ನನಗೆ ಹೊಟ್ಟೆಪಾಡು. ಇಂಥ ತುಣುಕುಗಳಲ್ಲಿ ನನಗೆ ತುಂಬ ಇಷ್ಟವಾದ ಜಾತಿ ಒಂದಿದೆ. ಟಿವಿ ಧಾರಾವಾಹಿಯ ಕಟ್ಟಕಡೆಗೆ, ಹೆಸರುಗಳೆಲ್ಲ ಉರುಳಿ ಹೋದ ಮೇಲೆ, ತಯಾರಿಸಿದ ಕಂಪನಿಯ ಲೋಗೊ ಬರುತ್ತದಲ್ಲ, ಅದರ ಜೊತೆಗಿನ ಸಂಗೀತ. ಅಮೆರಿಕದ ಟಿವಿಯಲ್ಲಿ ಇದು ಒಂದು ಸಣ್ಣ ಕಲೆಯಾಗಿಯೇ ಬೆಳೆಯಿತು. ಅದನ್ನು ಬಗೆಬಗೆಯಾಗಿ ತಿರುಗಿಸಿದ್ದು ಅದರ ಸೊಗಸಾದ ಭಾಗ.

ಮೊದಲು ಒಂದು ವಿಷಯ ಗೊತ್ತಿರಲಿ. ಅಲ್ಲಿ ಪ್ರಸಾರ ಮಾಡುವವರು ಬೇರೆ, ತಯಾರಿಸುವವರು ಬೇರೆ. ಕಾರ್ಯಕ್ರಮದ ಮುಂದಿನ ಬಾಗಿಲು ಚಾನೆಲ್ಲಿನದು. ಅಲ್ಲಿ ಚಾನೆಲ್ಲಿನ ಗುರುತು, ಧಾರಾವಾಹಿಯ ಶೀರ್ಷಿಕೆ ಗೀತೆ, ನಟರ ಮುಖ. ತಯಾರಿಸಿದ ಕಂಪನಿಗೆ ಸಿಗುತ್ತಿದ್ದದ್ದು ಹಿತ್ತಲು. ಎರಡೋ ಮೂರೋ ಸೆಕೆಂಡು, ಅದೂ ಜನ ಎದ್ದು ನೀರು ಕುಡಿಯಲು ಹೋದ ಹೊತ್ತಿನಲ್ಲಿ. ಅಲ್ಲಿ ಏನು ಹಾಕಿದರೂ ಚಾನೆಲ್ಲಿನವರು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೀಗಾಗಿ ಇಡೀ ಕಾರ್ಯಕ್ರಮದಲ್ಲಿ ತಯಾರಕನಿಗೆ ತನ್ನ ಮನಸ್ಸಿಗೆ ಬಂದಂತೆ ಆಡಲು ಸಿಕ್ಕ ಜಾಗ ಅದೊಂದೇ ಅನ್ನಬಹುದು.

1965ರಿಂದ 1974ರವರೆಗೆ ಸ್ಕ್ರೀನ್ ಜೆಮ್ಸ್ ಅನ್ನುವ ಕಂಪನಿಯ ಗುರುತು ಬರುತ್ತಿತ್ತು. ಕೊಲಂಬಿಯಾ ಪಿಕ್ಚರ್ಸ್‌ನ ಟಿವಿ ವಿಭಾಗ ಅದು. ಪರದೆಯ ಮೇಲೆ ಪಟ್ಟಿಗಳು ಸೇರಿ ಇಂಗ್ಲಿಷಿನ ಎಸ್ ಅಕ್ಷರ ಆಗುತ್ತದೆ, ಹಿಂದೆ ಮೂಗ್ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದ ಕೆಲವೇ ಸ್ವರ. ಮಾಡಿದವರು ಎರಿಕ್ ಸಿಡೆ. ಇಂಗ್ಲೆಂಡಿನವರು, ಮೂಲತಃ ಪಿಟೀಲು ನುಡಿಸುವವರು. ಆಮೇಲೆ ಅಮೆರಿಕಕ್ಕೆ ಹೋಗಿ ಎಲೆಕ್ಟ್ರಾನಿಕ್ ಸದ್ದುಗಳ ಬೆನ್ನು ಹತ್ತಿದರು. ಮೂಗ್ ಯಂತ್ರ ಕೊಂಡ ಮೊದಮೊದಲ ಕೆಲವರಲ್ಲಿ ಇವರೂ ಒಬ್ಬರು. ಕಾಫಿ ಕುದಿಯುವ ಸದ್ದನ್ನೇ ಸಂಗೀತ ಮಾಡಿ ಒಂದು ಕಾಫಿ ಕಂಪನಿಯ ಜಾಹೀರಾತಿಗೆ ಕೊಟ್ಟವರು.

ಈ ಎಸ್ ಅಕ್ಷರ ಕಂಡರೆ ಅಮೆರಿಕದ ಮಕ್ಕಳು ಹೆದರುತ್ತಿದ್ದರು. ಸುಮ್ನೆ ಹೇಳುತ್ತಿಲ್ಲ. ದೊಡ್ಡವರಾದ ಮೇಲೂ ಆ ಭಯ ಮರೆಯದೆ ಅದಕ್ಕೊಂದು ನರಕದ ಹೆಸರಿಟ್ಟರು. 2010ರಲ್ಲಿ ಒಬ್ಬ ನಿರ್ದೇಶಕ ಆ ಭಯದ ಮೇಲೆಯೇ ಕಿರುಚಿತ್ರ ತೆಗೆದ. ಈ ತುಣುಕು ಬರುತ್ತಿದ್ದದ್ದು ಯಾವುದರ ಹಿಂದೆ ಅಂತೀರಿ? ಮಾಟಗಾತಿ ಹೆಂಡತಿ ಮೂಗು ಅಲ್ಲಾಡಿಸಿ ಗಂಡನನ್ನು ಪೇಚಿಗೆ ಸಿಕ್ಕಿಸುವಂಥ ನಗೆ ಧಾರಾವಾಹಿಗಳ ಹಿಂದೆ. ನಗು ಮುಗಿಯಿತು, ಶೀರ್ಷಿಕೆ ಗೀತೆ ಮುಗಿಯಿತು, ಒಂದು ಚಣ ಸದ್ದಿಲ್ಲ, ಆಮೇಲೆ ಇದು.

ನನ್ನ ಕೆಲಸದ ಕಣ್ಣಿನಿಂದ ನೋಡಿದರೆ ಭಯಕ್ಕೆ ಕಾರಣ ಆ ಮಧ್ಯದ ಮೌನ. ಎರಡು ಸಂಗೀತ ಜೋಡಿಸುವಾಗ ನಾವು ಮೊದಲನೆಯದರ ಬಾಲ ಇನ್ನೂ ಕೇಳುತ್ತಿರುವಾಗಲೇ ಎರಡನೆಯದನ್ನು ಎತ್ತುತ್ತೇವೆ. ಆಗ ಕಿವಿಗೆ ಹೊಸ್ತಿಲು ಗೊತ್ತಾಗುವುದಿಲ್ಲ. ಶ್ರುತಿ ಬೇರೆ ಇದ್ದರೆ ಮಧ್ಯದಲ್ಲಿ ಅರ್ಧ ಸೆಕೆಂಡು ಖಾಲಿ ಬಿಡುತ್ತೇವೆ, ಇಲ್ಲದಿದ್ದರೆ ಎರಡೂ ಜಗಳ ಆಡುತ್ತವೆ. ಕಂಪನಿಯ ಗುರುತು ನೂರಾರು ಸಂಚಿಕೆಗೆ ಒಂದೇ, ಧಾರಾವಾಹಿಗಳ ಶ್ರುತಿ ಮಾತ್ರ ಒಂದೊಂದರದೂ ಬೇರೆ. ಆದ್ದರಿಂದ ಖಾಲಿ ಬಿಡಲೇಬೇಕು. ಆ ಖಾಲಿ ಜಾಗದಲ್ಲಿ ಮೊದಲು ಯಾವತ್ತೂ ಕೇಳಿರದ ಯಂತ್ರದ ದನಿ ಬಂದರೆ ಮಗು ಬೆಚ್ಚಿಬೀಳದೆ ಇನ್ನೇನು ಮಾಡೀತು?

ಈ ತೊಂದರೆಗೆ ಎರಡು ದಾರಿ ಇದ್ದವು. ಒಂದು, ಗುರುತನ್ನು ಹಾಗೇ ಬಿಟ್ಟು ಅದು ಎಲ್ಲಿಗೂ ಹೊಂದದಿದ್ದರೂ ಸಹಿಸಿಕೊಳ್ಳುವುದು. ಇನ್ನೊಂದು, ಆಯಾ ಧಾರಾವಾಹಿಗೆ ತಕ್ಕಂತೆ ಗುರುತನ್ನೇ ಸ್ವಲ್ಪ ತಿರುಗಿಸುವುದು. ಎರಡನೆಯ ದಾರಿ ಹಿಡಿದವರೇ ನಮ್ಮ ಇವತ್ತಿನ ನಾಯಕರು.

ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಯಾಲು ಗಾಯನದಲ್ಲಿ ಮುಖಡಾ, ಅಂದರೆ ಮತ್ತೆ ಮತ್ತೆ ಬರುವ ಹಾಡಿನ ಮೊದಲ ತುಣುಕು, ಇದೆಯಲ್ಲ, ಹಾಗೆ. ಗಾಯಕ ಎಲ್ಲೆಲ್ಲೋ ಹೋಗಿ ಬಂದು ಮುಖಡಾ ಹಿಡಿದು ಸಮ್ಮಿಗೆ, ತಾಳದ ಮೊದಲ ಪೆಟ್ಟಿಗೆ, ಬರುತ್ತಾನೆ. ಹತ್ತು ಸಲ ಒಂದೇ ಥರ ಬಂದು ಹನ್ನೊಂದನೆಯ ಸಲ ಒಂದೇ ಒಂದು ಸ್ವರ ಜಾರಿಸಿ ಬಂದರೆ ಸಭೆಯಲ್ಲಿ ತಲೆಗಳು ಅಲ್ಲಾಡುತ್ತವೆ. ಮೊದಲ ಸಲವೇ ಜಾರಿಸಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ.

ಎಂಟಿಎಂ ಎಂಟರ್‌ಪ್ರೈಸಸ್ ಅನ್ನುವ ಕಂಪನಿಯನ್ನು ನಟಿ ಮೇರಿ ಟೈಲರ್ ಮೂರ್ ಮತ್ತು ಅವರ ಪತಿ ಗ್ರಾಂಟ್ ಟಿಂಕರ್ 1969ರಲ್ಲಿ ಕಟ್ಟಿದರು. ಎಂಜಿಎಂ ಸಿನಿಮಾ ಕಂಪನಿಯ ಲಾಂಛನದಲ್ಲಿ ಗರ್ಜಿಸುವ ಸಿಂಹ ಇದೆಯಲ್ಲ, ಇವರು ಅದೇ ಥರದ ವೃತ್ತದೊಳಗೆ ಒಂದು ಬೆಕ್ಕಿನ ಮರಿ ಕೂರಿಸಿದರು. ಅದು ಬಾಯಿ ತೆರೆದು ಮಿಯಾಂವ್ ಅನ್ನುತ್ತದೆ. ಅಷ್ಟೇ. ಬೆಕ್ಕಿನ ಹೆಸರು ಮಿಮ್ಸಿ. ಶೀರ್ಷಿಕೆ ಗೀತೆಯ ಕೊನೆಯ ಸ್ವರ ಇಳಿಯುತ್ತದೆ, ಮಿಯಾಂವ್ ಬರುತ್ತದೆ. ಬೆಕ್ಕಿನ ದನಿಗೆ ಶ್ರುತಿಯ ಹಂಗಿಲ್ಲ, ಯಾವ ಸಂಗೀತದ ಹಿಂದೆ ಹಾಕಿದರೂ ಕೂಡುತ್ತದೆ. ನಾನು ಹೇಳಿದ ಖಾಲಿ ಜಾಗದ ತೊಂದರೆ ಒಂದೇ ಏಟಿಗೆ ಮುಗಿಯಿತು. ಬುದ್ಧಿವಂತರು.

ಆಮೇಲೆ ಆಟ ಶುರುವಾಯಿತು. ಪೊಲೀಸ್ ಠಾಣೆಯ ಧಾರಾವಾಹಿ ಬಂದಾಗ ಬೆಕ್ಕಿಗೆ ಪೊಲೀಸ್ ಟೋಪಿ. ಪತ್ತೇದಾರಿ ಧಾರಾವಾಹಿಗೆ ಷರ್ಲಾಕ್ ಹೋಮ್ಸ್ ಟೋಪಿ, ಬಾಯಲ್ಲಿ ಪೈಪು. ಬಾಸ್ಕೆಟ್‌ಬಾಲ್ ತಂಡದ ಕಥೆಗೆ ಬೆಕ್ಕು ಚೆಂಡು ಪುಟಿಸುತ್ತದೆ. ಹಾಸ್ಯನಟ ಬಾಬ್ ನ್ಯೂಹಾರ್ಟ್ ಹೆಸರಿನ ಧಾರಾವಾಹಿಯಲ್ಲಿ ಬೆಕ್ಕಿನ ಬಾಯಿ ಹಾಗೇ, ದನಿ ಮಾತ್ರ ನ್ಯೂಹಾರ್ಟ್ ಅವರದೇ. ಒಬ್ಬ ನಡುವಯಸ್ಸಿನ ಮನುಷ್ಯ ಏನೂ ಭಾವ ಇಲ್ಲದೆ ಮಿಯಾಂವ್ ಅಂತ ಓದಿ ಹೇಳಿದ ಹಾಗಿದೆ. ಇವೆಲ್ಲದರಲ್ಲಿ ನನಗೆ ಇದು ಜಾಸ್ತಿ ಇಷ್ಟ. ಚಿತ್ರ ಮುಟ್ಟಲಿಲ್ಲ, ಹೊತ್ತು ಬದಲಿಸಲಿಲ್ಲ, ದನಿಯೊಂದನ್ನೇ ತೆಗೆದು ಇನ್ನೊಂದು ಇಟ್ಟರು. ಟೋಪಿ ಹಾಕುವುದು ಯಾರಿಗಾದರೂ ಹೊಳೆಯುತ್ತದೆ.

ಆಸ್ಪತ್ರೆಯ ಕಥೆಯೊಂದಿತ್ತು, ಸೇಂಟ್ ಎಲ್ಸ್‌ವೇರ್. ಅದರಲ್ಲಿ ಬೆಕ್ಕು ಶಸ್ತ್ರಚಿಕಿತ್ಸೆಯ ಮಾಸ್ಕು ಹಾಕಿಕೊಂಡಿರುತ್ತಿತ್ತು. 1988ರ ಮೇ ತಿಂಗಳಲ್ಲಿ ಆ ಧಾರಾವಾಹಿ ಮುಗಿಯಿತು. ಕೊನೆಯ ಸಂಚಿಕೆಯ ಹೆಸರುಗಳು ಬರುವಾಗ ಪಕ್ಕದಲ್ಲಿ ಮಿಮ್ಸಿ ಮಲಗಿದೆ. ಸಲೈನ್ ಹಚ್ಚಿದ್ದಾರೆ, ಹೃದಯ ಬಡಿತ ತೋರಿಸುವ ಯಂತ್ರ ಬೀಪ್ ಬೀಪ್ ಅನ್ನುತ್ತಿದೆ. ಹೆಸರುಗಳು ಮುಗಿಯುತ್ತವೆ, ಬೀಪ್ ಒಂದೇ ಉದ್ದ ಸ್ವರ ಆಗುತ್ತದೆ. ಧಾರಾವಾಹಿ ಸತ್ತಿತು. ಟಿವಿಯ ಲೋಗೊ ಸಂಗೀತದಲ್ಲಿ ಇದಕ್ಕಿಂತ ಧೈರ್ಯದ ತಿರುವು ನನಗೆ ಗೊತ್ತಿಲ್ಲ. ವರ್ಷಗಟ್ಟಲೆ ಮಿಯಾಂವ್ ಕೇಳಿದವರಿಗೆ ಅದು ಬರಲಿಲ್ಲ ಅನ್ನುವುದೇ ಸಂಗೀತ ಆಯಿತು.

ಇನ್ನೊಂದು ಹತ್ತಿರದಿಂದ ನೋಡೋಣ. ಸಿಂಪ್ಸನ್ಸ್ ಕಾರ್ಟೂನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅದರ ಕೊನೆಗೆ ಗ್ರೇಸಿ ಫಿಲ್ಮ್ಸ್ ಲೋಗೊ. ಜೇಮ್ಸ್ ಎಲ್. ಬ್ರೂಕ್ಸ್ ಅವರ ಕಂಪನಿ. ಕತ್ತಲ ಥಿಯೇಟರಿನಲ್ಲಿ ಜನ ಗುಜುಗುಜು ಮಾತಾಡುತ್ತಿದ್ದಾರೆ, ಒಬ್ಬಾಕೆ ಶ್ ಅನ್ನುತ್ತಾಳೆ, ಸದ್ದು ನಿಲ್ಲುತ್ತದೆ, ಆಮೇಲೆ ಮೆತ್ತಗಿನ ನಾಲ್ಕಾರು ಸ್ವರ. ನೋಡಿ, ಇಲ್ಲೂ ಅದೇ ಖಾಲಿ ಜಾಗ. ಆದರೆ ಇವರು ಅದಕ್ಕೊಂದು ಕಾರಣ ಕೊಟ್ಟುಬಿಟ್ಟರು. ಆಕೆ ಶ್ ಅಂದದ್ದಕ್ಕೆ ಮೌನ. ಎಡಿಟರ್ ಕತ್ತರಿಸಿದ್ದು ಅಂತ ಯಾರಿಗೂ ಅನ್ನಿಸುವುದಿಲ್ಲ.

ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ಅವರದು ಹ್ಯಾಲೋವೀನ್ ಹಬ್ಬ. ಭೂತ ಪಿಶಾಚಿಯ ವೇಷ ಹಾಕುವ ಹಬ್ಬ. 1990ರಿಂದ ಸಿಂಪ್ಸನ್ಸ್‌ನವರು ಅದಕ್ಕೊಂದು ವಿಶೇಷ ಸಂಚಿಕೆ ಮಾಡುತ್ತ ಬಂದಿದ್ದಾರೆ. ಆ ಸಂಚಿಕೆಗಳ ಕೊನೆಗೆ ಶ್ ಅನ್ನುವ ಜಾಗದಲ್ಲಿ ಒಂದು ಚೀರಾಟ. ಆಮೇಲೆ ಅದೇ ಸ್ವರಗಳು ಚರ್ಚಿನ ದೊಡ್ಡ ಪೈಪ್ ಆರ್ಗನ್ ಮೇಲೆ ಬರುತ್ತವೆ. ಸ್ವರ ಬದಲಿಸಿಲ್ಲ, ವಾದ್ಯ ಬದಲಿಸಿದ್ದಾರೆ. ಅಲ್ಲಿಯವರಿಗೆ ಆ ವಾದ್ಯ ಅಂದರೆ ಭೂತದ ಸಿನಿಮಾ, ಕತ್ತಲ ಬಂಗಲೆ.

ನಮಗೋ? ನಾನು ಇದನ್ನು ಗದಗಿನ ಒಬ್ಬ ಹಿರಿಯ ಪೇಟಿ ಮಾಸ್ತರರಿಗೆ ಕೇಳಿಸಿದೆ. ಅವರು ನಕ್ಕು, 'ಇದು ನಾಟಕ ಶುರು ಆಗೋ ಹಂಗೈತಲ್ಲೋ ತಮ್ಮಾ' ಅಂದರು. ಕಂಪನಿ ನಾಟಕಗಳ ಕಾಲದಲ್ಲಿ ಕಾಲಿನಿಂದ ತುಳಿದು ನುಡಿಸುವ ಪೇಟಿ ರಂಗದ ಮುಂದೆ ಇರುತ್ತಿತ್ತು. ಗರುಡ ಸದಾಶಿವರಾಯರ ಕಂಪನಿ ಇದ್ದ ಊರು ಗದಗು. ಅಲ್ಲಿಯ ಕಿವಿಗೆ ದೊಡ್ಡ ಪೇಟಿಯ ತುಂಬು ದನಿ ಅಂದರೆ ಪರದೆ ಮೇಲೇಳುವ ಹೊತ್ತು, ನಾಂದಿ, ಖುಷಿ. ಅಮೆರಿಕದವರು ಭಯ ಅಂತ ಇಟ್ಟದ್ದು ನಮ್ಮಲ್ಲಿ ಹಬ್ಬ ಆಗಿಬಿಡುತ್ತದೆ. ತಿರುವು ಮನಸ್ಸಿಗೆ ತಟ್ಟಲು ಮೂಲ ಗೊತ್ತಿದ್ದರೂ ಸಾಲದು, ಅದರ ಮೇಲೆ ಹೊದಿಸಿದ ವಾದ್ಯದ ನೆನಪೂ ಒಂದೇ ಆಗಿರಬೇಕು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. 1960ರ ದಶಕದಲ್ಲಿ ಫಿಲ್ಮ್‌ವೇಸ್ ಅನ್ನುವ ಕಂಪನಿಯ ಹೆಸರನ್ನು ಆಯಾ ಧಾರಾವಾಹಿಯ ಪಾತ್ರಗಳೇ ಹೇಳುತ್ತಿದ್ದರು. ಗ್ರೀನ್ ಏಕರ್ಸ್ ಧಾರಾವಾಹಿಯಲ್ಲಿ ಇವಾ ಗಬೋರ್ ತಮ್ಮ ಹಂಗೇರಿ ಉಚ್ಚಾರಣೆಯಲ್ಲಿ ಕಂಪನಿ ಹೆಸರು ಹೇಳಿ ಕೊನೆಗೆ 'ಡಾರ್ಲಿಂಗ್' ಸೇರಿಸುತ್ತಿದ್ದರು. ಸ್ಟೀಫನ್ ಜೆ. ಕ್ಯಾನೆಲ್ ಅನ್ನುವ ಬರಹಗಾರ ನಿರ್ಮಾಪಕರ ಲೋಗೊದಲ್ಲಿ ಅವರೇ ಟೈಪ್‌ರೈಟರ್ ಕುಟ್ಟಿ, ಹಾಳೆ ಎಳೆದು ಗಾಳಿಗೆ ಎಸೆಯುತ್ತಾರೆ. ಸಂಗೀತ ಮೈಕ್ ಪೋಸ್ಟ್ ಅವರದು. ವರ್ಷ ಹೋದ ಹಾಗೆ ಕ್ಯಾನೆಲ್ಲರ ಅಂಗಿ ಬದಲಾಗುತ್ತದೆ, ಸಂಗೀತವೂ ಹೊಸದಾಗಿ ಧ್ವನಿಮುದ್ರಣ ಆಗುತ್ತದೆ, ಎಸೆಯುವುದು ಮಾತ್ರ ಅದೇ. ಅಂದಹಾಗೆ ಅವರಿಗೆ ಡಿಸ್ಲೆಕ್ಸಿಯಾ ಇತ್ತು, ಅಕ್ಷರ ಓದುವುದೇ ಕಷ್ಟ. ಅಂಥವರು ಟೈಪ್‌ರೈಟರನ್ನೇ ಗುರುತು ಮಾಡಿಕೊಂಡರು. ಇನ್ನು ರಕ್ತಪಿಶಾಚಿ ಬೇಟೆಯ ಬಫಿ ಧಾರಾವಾಹಿಯ ಕೊನೆಗೆ ಒಂದು ಪುಟ್ಟ ರಾಕ್ಷಸ ಗುರ್ ಅಂತ ಗೊಣಗಿಕೊಂಡು ನಡೆದು ಹೋಗುತ್ತಿತ್ತು. 2001ರಲ್ಲಿ ಒಂದು ಸಂಚಿಕೆಯನ್ನು ಪೂರ್ತಿ ಹಾಡಿನಲ್ಲೇ ಮಾಡಿದರು. ಅವತ್ತು ರಾಕ್ಷಸನೂ ತನ್ನ ಗೊಣಗಾಟವನ್ನು ಹಾಡಿಬಿಟ್ಟ.

ಸಿನಿಮಾದವರೂ ಇದನ್ನು ಮಾಡುತ್ತಾರೆ. 2015ರಲ್ಲಿ ಯೂನಿವರ್ಸಲ್ ಕಂಪನಿಯ ಗತ್ತಿನ ಸಂಗೀತವನ್ನು ಮಿನಿಯನ್‌ಗಳು ಬಾಯಲ್ಲೇ ಹಾಡಿದ್ದು ನಿಮ್ಮ ಮನೆಯ ಮಕ್ಕಳಿಗೆ ಬಾಯಿಪಾಠ ಇದ್ದೀತು. ಆಲ್ಫ್ರೆಡ್ ನ್ಯೂಮನ್ 1933ರಲ್ಲಿ ಬರೆದ ಫಾಕ್ಸ್ ಕಂಪನಿಯ ತುತ್ತೂರಿ ಸಂಗೀತವನ್ನು 2018ರಲ್ಲಿ ಕ್ವೀನ್ ತಂಡದ ಬ್ರಯಾನ್ ಮೇ ಗಿಟಾರಿನಲ್ಲಿ ನುಡಿಸಿದರು. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಬಾಗಿಲಲ್ಲೇ ನಿಲ್ಲಿಸಿ 'ನೋಡ್ರೀ, ನಾವು ಬದಲಿಸಿದ್ವಿ' ಅಂತ ಹೇಳಿದ ಹಾಗೆ. ಟಿವಿಯ ಕೊನೆಯ ತುಣುಕಿನಲ್ಲಿ ಯಾರೂ ಕರೆದು ತೋರಿಸುವುದಿಲ್ಲ. ಕೇಳಿಸಿದವರಿಗೆ ಕೇಳಿಸಿತು. ನನಗೆ ಆ ಮರ್ಯಾದೆ ಇಷ್ಟ.

ಇಷ್ಟೆಲ್ಲ ಬೇಕೆಂದೇ ಮಾಡಿದ್ದು. ಯಾರೂ ಮಾಡದೆ ತಾನಾಗಿ ಆದ ಬದಲಾವಣೆಗಳೂ ಇವೆ. ಹಳೆ ಧಾರಾವಾಹಿಯ ಹಕ್ಕು ಹೊಸ ಕಂಪನಿಗೆ ಹೋದರೆ ಅವರು ಹಳೆ ಲೋಗೊದ ಮೇಲೆ ತಮ್ಮದನ್ನು ಅಂಟಿಸುತ್ತಾರೆ, ಗೋಡೆಯ ಮೇಲೆ ಹಳೆ ಪೋಸ್ಟರ್ ಮುಚ್ಚಿ ಹೊಸದು ಹಚ್ಚಿದಂತೆ. ಸ್ಕ್ರೀನ್ ಜೆಮ್ಸ್ 1974ರಲ್ಲಿ ಕೊಲಂಬಿಯಾ ಪಿಕ್ಚರ್ಸ್ ಟೆಲಿವಿಷನ್ ಆಯಿತು, ಕೊನೆಗೆ 2002ರಲ್ಲಿ ಸೋನಿ ಪಿಕ್ಚರ್ಸ್ ಟೆಲಿವಿಷನ್. ಒಂದೇ ಧಾರಾವಾಹಿ, ಪದರ ಪದರ ಗುರುತುಗಳು. ಅಂಟಿಸುವವರು ಕೆಲವು ಸಲ ಚಿತ್ರ ಬದಲಿಸಿ ಸದ್ದು ಹಾಗೇ ಬಿಡುತ್ತಾರೆ. ಆಗ ಹೊಸ ಕಂಪನಿಯ ಹೆಸರಿನ ಕೆಳಗೆ ಹಳೆ ಕಂಪನಿಯ ಸಂಗೀತ. ಕೆಲವು ಸಲ ಧಾರಾವಾಹಿಯ ಶೀರ್ಷಿಕೆ ಗೀತೆಯ ಕೊನೆಯ ಸ್ವರ ಪೂರ್ತಿ ಇಳಿಯುವ ಮೊದಲೇ ಹೊಸ ಸಂಗೀತ ಕತ್ತಿ ಹಾಕುತ್ತದೆ. ಈ ಬಗೆಯ ಹೊಲಿಗೆ ಕೆಲಸ ನೋಡಿದರೆ ನನ್ನ ಕೈ ತುರಿಸುತ್ತದೆ. ಅರ್ಧ ಗಂಟೆ ಕೊಟ್ಟಿದ್ದರೆ ಸರಿ ಮಾಡಬಹುದಿತ್ತು.

ಇನ್ನೊಂದು ತಾನಾಗಿ ಆದದ್ದು ವೇಗದ ವಿಷಯ. ಸಿನಿಮಾ ಫಿಲ್ಮು ಸೆಕೆಂಡಿಗೆ 24 ಚಿತ್ರ ಓಡುತ್ತದೆ. ನಮ್ಮ ದೇಶದ, ಯುರೋಪಿನ ಹಳೆಯ ಟಿವಿ ಪದ್ಧತಿ ಪ್ಯಾಲ್. ಅದರಲ್ಲಿ ಸೆಕೆಂಡಿಗೆ 25 ಚಿತ್ರ. ಫಿಲ್ಮಿನಲ್ಲಿ ತೆಗೆದದ್ದನ್ನು ಪ್ಯಾಲ್‌ಗೆ ಇಳಿಸುವ ಸುಲಭದ ದಾರಿ ಅಂದರೆ ಸ್ವಲ್ಪ ಜೋರಾಗಿ ಓಡಿಸುವುದು. ಶೇಕಡಾ 4ರಷ್ಟು ವೇಗ ಹೆಚ್ಚುತ್ತದೆ. ಒಂದು ಗಂಟೆಯದು ಸುಮಾರು 2.4 ನಿಮಿಷ ಮೊದಲೇ ಮುಗಿಯುತ್ತದೆ. ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಸದ್ದನ್ನೂ ಹಾಗೇ ಓಡಿಸಿದರೆ ಶ್ರುತಿ ಏರುತ್ತದೆ, ಅರ್ಧ ಸ್ವರದ ಅಂತರದಲ್ಲಿ ಸುಮಾರು ಹತ್ತಕ್ಕೆ ಏಳು ಪಾಲು. ಪೇಟಿಯಲ್ಲಿ ಹೇಳುವುದಾದರೆ ಬಿಳಿ ಒಂದರಲ್ಲಿ ಇದ್ದದ್ದು ಕರಿ ಒಂದರ ಹತ್ತಿರ ಹೋಗಿ ನಿಲ್ಲುತ್ತದೆ, ಮನೆಗಳ ನಡುವೆ ಎಲ್ಲೋ. ಪೇಟಿಯ ಮೇಲೆ ನುಡಿಸಿ ತೋರಿಸಲು ಆಗುವುದಿಲ್ಲ, ತಂಬೂರಿಯ ಬಿರಡೆ ತಿರುವಬೇಕು. ಹೀಗಾಗಿ ಒಂದೇ ಲೋಗೊ ಸಂಗೀತ ನ್ಯೂಯಾರ್ಕಿನವರ ನೆನಪಿನಲ್ಲಿ ಒಂದು ಶ್ರುತಿಯಲ್ಲಿ, ಲಂಡನ್ನಿನವರ ನೆನಪಿನಲ್ಲಿ ಇನ್ನೊಂದು ಶ್ರುತಿಯಲ್ಲಿ ಕೂತಿದೆ. ಇಬ್ಬರೂ ತಮ್ಮದೇ ಸರಿ ಅಂತಾರೆ.

ನಮ್ಮ ಕಡೆಗೆ ಬರೋಣ. ನಮಗೆ ಇಂಥ ಗುರುತುಗಳ ಮೊದಲ ಪಾಠ ಆಕಾಶವಾಣಿ. ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ಕ್ಕೆ. ಬೆಳಗಿನ ಆ ತಂಬೂರಿ, ಪಿಟೀಲಿನ ಸಂಗೀತ ನಿಮಗೆಲ್ಲ ಗೊತ್ತು. ಮಾಡಿದವರು ವಾಲ್ಟರ್ ಕೌಫ್‌ಮನ್, ಹಿಟ್ಲರನ ಕಾಲದಲ್ಲಿ ಮುಂಬೈಗೆ ಬಂದು ನೆಲೆಸಿದ ಯಹೂದಿ ಸಂಗೀತಗಾರರು. ಅದು ಶಿವರಂಜನಿ ರಾಗ. ದೂರದರ್ಶನದ್ದು ಪಂಡಿತ್ ರವಿಶಂಕರ್ ಅವರು ಉಸ್ತಾದ್ ಅಲಿ ಅಹಮದ್ ಹುಸೇನ್ ಖಾನರ ಜೊತೆ ಮಾಡಿದ್ದು. 1976ರಲ್ಲಿ ದೂರದರ್ಶನ ಆಕಾಶವಾಣಿಯಿಂದ ಬೇರೆಯಾದಾಗ ಬಂತು. ಇವೆರಡೂ ಪ್ರಸಾರ ತೆರೆಯುವ ಸಂಗೀತ. ಪ್ರಸಾರ ಮಾಡುವವರದು, ತಯಾರಕರದ್ದಲ್ಲ.

ನಮ್ಮ ತಯಾರಕರು ಕೊನೆಯ ಗುರುತಿನ ಆಟ ಯಾಕೆ ಆಡಲಿಲ್ಲ? ನನಗೆ ಕಾಣುವ ಕಾರಣ ಇದು. ನಮ್ಮ ಸಿನಿಮಾದ ಬ್ಯಾನರು ಮೊದಲೇ ಬರುತ್ತದೆ, ದೇವರ ಮೂರ್ತಿ, ಗಂಟೆ, ಶ್ಲೋಕ. ಟಿವಿಗೆ ಬಂದವರೂ ಅದೇ ಅಭ್ಯಾಸ ತಂದರು. ದೇವರ ಮೂರ್ತಿಗೆ ಯಾರು ಟೋಪಿ ಹಾಕುತ್ತಾರೆ? ಆದರೆ ನಮ್ಮಲ್ಲಿ ಏನೂ ಇರಲಿಲ್ಲ ಅನ್ನಬೇಡಿ. 1984ರ ಹಮ್ ಲೋಗ್ ನೆನಪಿದೆಯಾ? ಸಂಚಿಕೆಯ ಕೊನೆಗೆ ಅಶೋಕ್ ಕುಮಾರ್ ಬಂದು ಕಥೆಯ ಬಗ್ಗೆ ನಾಲ್ಕು ಮಾತಾಡುತ್ತಿದ್ದರು. ಧಾರಾವಾಹಿ ಮುಂದುವರಿದಂತೆ ಅದರ ಹೆಸರನ್ನೇ ಬೇರೆ ಬೇರೆ ಭಾರತೀಯ ಭಾಷೆಗಳಲ್ಲಿ ಹೇಳಿ ಮಾತು ಮುಗಿಸತೊಡಗಿದರು. ಒಂದೇ ಮನುಷ್ಯ, ಒಂದೇ ದನಿ, ಒಂದೇ ಜಾಗ, ಭಾಷೆ ಮಾತ್ರ ಬೇರೆ. ಇದು ಪಕ್ಕಾ ಮಿಮ್ಸಿ ಜಾತಿಯದ್ದೇ.

ಈಗಿನ ಕನ್ನಡ ಧಾರಾವಾಹಿಗಳಲ್ಲಿ ಆ ಕೆಲಸ ಮಾಡುವುದು ಕೊನೆಯ ಫ್ರೀಜ್. ಸೊಸೆ ಬಾಗಿಲಲ್ಲಿ ನಿಂತು ಏನೋ ಕೇಳಿಸಿಕೊಂಡಳು, ಮುಖ ಹಾಗೇ ನಿಂತಿತು, ಅದರ ಮೇಲೆ ಶೀರ್ಷಿಕೆ ಗೀತೆಯ ಮೊದಲ ಸಾಲಿನ ಸ್ವರಗಳು. ದುಃಖ ಇದ್ದರೆ ಕೊಳಲಿನಲ್ಲಿ, ನಿಧಾನ. ಅತ್ತೆ ಸಂಚು ಹೂಡಿದ್ದರೆ ಕೆಳಗಿನ ತಂತಿಗಳಲ್ಲಿ. ಮದುವೆ ಕೂಡಿಬಂದರೆ ಶಹನಾಯಿ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತವರಿಗೂ ಇವತ್ತು ಏನಾಯಿತು ಅಂತ ಟಿವಿ ನೋಡದೆ ಗೊತ್ತಾಗುತ್ತದೆ. ಇದನ್ನು ಮಾಡುವ ಹಿನ್ನೆಲೆ ಸಂಗೀತದವರಿಗೆ ಸಿಗುವ ಹೊತ್ತು ಬಹಳ ಕಡಿಮೆ, ದಿನಕ್ಕೊಂದು ಸಂಚಿಕೆ. ಆದರೂ ಕೆಲವರು ಅದ್ಭುತವಾಗಿ ಮಾಡುತ್ತಾರೆ. ಇವರ ಹೆಸರು ಪರದೆಯ ಮೇಲೆ ಓದುವಷ್ಟು ಹೊತ್ತು ನಿಲ್ಲುವುದಿಲ್ಲ ಅನ್ನುವುದು ನನ್ನ ಹಳೆಯ ಸಿಟ್ಟು.

ಅಮೆರಿಕದಲ್ಲಿ ಈ ಕಲೆಗೆ ಏಟು ಬಿದ್ದದ್ದು 1994ರ ಸುಮಾರಿಗೆ. ಎನ್‌ಬಿಸಿಯವರೇ ಹೆಸರುಗಳನ್ನು ಪರದೆಯ ಒಂದು ಮಗ್ಗುಲಿಗೆ ಒತ್ತರಿಸಿ, ಉಳಿದ ಜಾಗದಲ್ಲಿ ಮುಂದಿನ ಕಾರ್ಯಕ್ರಮದ ತುಣುಕು ತೋರಿಸತೊಡಗಿದರು. ಮಂದಿ ಚಾನೆಲ್ ಬದಲಿಸಬಾರದಲ್ಲ! ಬೇರೆ ಚಾನೆಲ್ಲುಗಳೂ ಹಿಂದೆ ಬಂದವು. ಲೋಗೊದ ಚಿತ್ರ ಹೇಗೋ ಉಳಿಯಿತು, ಸಂಗೀತದ ಮೇಲೆ ನಿರೂಪಕರ ದನಿ ಕೂತಿತು. ಈಗ ಓಟಿಟಿಯಲ್ಲಿ ಇನ್ನೂ ಕಷ್ಟ. ಹೆಸರು ಶುರುವಾಗುವುದೇ ತಡ, ಮುಂದಿನ ಸಂಚಿಕೆಗೆ ಎಣಿಕೆ ಶುರು. ಹಿತ್ತಲೇ ಇಲ್ಲದ ಮನೆ.

ಅದಕ್ಕೇ ಗುರುತಿನ ಸದ್ದು ಬಾಗಿಲಿಗೆ ಬಂತು. ನೆಟ್‌ಫ್ಲಿಕ್ಸಿನ ಆ ಎರಡು ಪೆಟ್ಟು 2015ರಿಂದ ಇದೆ. ಸೌಂಡ್ ಎಡಿಟರ್ ಲೋನ್ ಬೆಂಡರ್ ಮಾಡಿದ್ದು. ಮದುವೆ ಉಂಗುರ ತೊಟ್ಟ ಬೆರಳಿನಿಂದ ಮಂಚದ ಪಕ್ಕದ ಕಪಾಟಿಗೆ ಬಡಿದ ಸದ್ದು ಅದರೊಳಗಿದೆ. ಥಿಯೇಟರಿಗಾಗಿ ಹ್ಯಾನ್ಸ್ ಜಿಮ್ಮರ್ ಅದನ್ನು ಉದ್ದ ಮಾಡಿಕೊಟ್ಟಿದ್ದಾರೆ. ಸದ್ದು ಒಳ್ಳೆಯದೇ. ಆದರೆ ಅದು ಮತ್ತೆ ಪ್ರಸಾರ ಮಾಡುವವರ ಗುರುತು. ತಯಾರಿಸಿದವರ ಬೆಕ್ಕಿಗೆ ಜಾಗ ಇಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಮುಂದಿನ ಸಾಲಿನ ಹಿರಿಯರೊಬ್ಬರು, 'ಇದನ್ನ ಸಂಗೀತ ಅನ್ನಬೇಕೇನ್ರೀ? ನನಗೇನೋ ಬರೇ ಸಪ್ಪಳ ಅನಸ್ತದ' ಅಂದರು. ಸಪ್ಪಳ ಅಂದರೂ ನನಗೆ ಬೇಜಾರಿಲ್ಲ ಅಂದೆ. ಆದರೆ ಎರಡು ಸೆಕೆಂಡಿನೊಳಗೆ ಶುರು, ಏರು, ನಿಲುಗಡೆ ಮೂರನ್ನೂ ಕೂರಿಸುವುದು ಸುಲಭ ಅಲ್ಲ. ಅವರು ತಲೆ ಅಲ್ಲಾಡಿಸಿದರು, ಒಪ್ಪಿದ ಹಾಗೇನೂ ಕಾಣಲಿಲ್ಲ.

ಹಾವೇರಿ ಕಡೆಯ ಒಬ್ಬ ಹುಡುಗ ಇದ್ದ. ಊರಿನ ಜಾತ್ರೆ, ಜಾನುವಾರು ಸಂತೆಯ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತಾನಂತೆ. 'ಸರ್, ನನಗೂ ಕೊನೆಗೆ ಹಾಕಾಕ ಒಂದು ಬೇಕು. ಹೆಂಗ ಮಾಡ್ಲಿ?' ಅಂದ. ಇವನ ಪ್ರಶ್ನೆಗೆ ನಾನು ಸ್ವಲ್ಪ ಜಾಸ್ತಿಯೇ ಹೊತ್ತು ತೆಗೆದುಕೊಂಡೆ.

ಎರಡು ಸೆಕೆಂಡು ಮೀರಬೇಡ. ತಾಳ ಬೇಡ, ತಾಳ ಇದ್ದರೆ ನಿಧಾನ ಮಾಡಿದಾಗ ಕುಂಟುತ್ತದೆ. ಸ ಮತ್ತು ಪ ಎರಡನ್ನೇ ಇಟ್ಟುಕೋ, ಗ ಮುಟ್ಟಬೇಡ. ಗ ಇಲ್ಲದಿದ್ದರೆ ಅದು ನಗುವುದೂ ಇಲ್ಲ, ಅಳುವುದೂ ಇಲ್ಲ. ಆಮೇಲೆ ಬದಲಿಸುವ ಹೊತ್ತು ಬಂದಾಗ, ಜಾತ್ರೆ ವಿಡಿಯೊ ಆದರೆ ನಗುವ ಶುದ್ಧ ಗ ಸೇರಿಸು, ಬರಗಾಲದ ಸಂತೆ ಆದರೆ ಅಳುವ ಕೋಮಲ ಗ. ಜಾಗ ಖಾಲಿ ಇಟ್ಟಿದ್ದರೆ ತಾನೇ ಆಮೇಲೆ ತುಂಬಲು ಬರುವುದು? ಎಕೋ ಹಾಕದೆ ಒಣದನಿಯಲ್ಲೇ ರೆಕಾರ್ಡ್ ಮಾಡಿಟ್ಟುಕೋ, ಆಗ ಡೊಳ್ಳಿನ ಹಿಂದೆಯೂ ಕೂಡುತ್ತದೆ, ಭಜನೆಯ ಹಿಂದೆಯೂ ಕೂಡುತ್ತದೆ. ಒಂದೊಂದು ವಾದ್ಯವನ್ನೂ ಬೇರೆ ಬೇರೆ ಫೈಲ್ ಮಾಡು. ಮೊದಲ ಇಪ್ಪತ್ತು ವಿಡಿಯೊ ತನಕ ಏನೂ ಬದಲಿಸಬೇಡ, ಒಂದೇ ಥರ ಹಾಕು.

'ಇಪ್ಪತ್ತು ಭಾಳ ಆತ್ರೀ ಸರ್' ಅಂದ. ಚೌಕಾಸಿ ಮಾಡಿ ಹನ್ನೆರಡಕ್ಕೆ ಒಪ್ಪಿದ.